ಬ್ಯಾಕ್ಟೀರಿಯಾದ ವಿಷ, ಒತ್ತಡದ ಹಾರ್ಮೋನು, ಅಂಗಾಂಶದ ಹಾನಿ: ಪದೇ ಪದೇ ಕೇಳುವ ಪ್ರಶ್ನೆಗಳು

ತೀವ್ರ ಸೋಂಕಿನಲ್ಲಿ ಚರ್ಮ ಕಪ್ಪಾಗುತ್ತದೆ, ಬೆರಳ ತುದಿ ನೀಲಿಗಟ್ಟುತ್ತದೆ, ರಕ್ತದೊತ್ತಡ ಕುಸಿದು ಮೂತ್ರಪಿಂಡ ಕೈಕೊಡುತ್ತದೆ. ಇದನ್ನೆಲ್ಲ ಬ್ಯಾಕ್ಟೀರಿಯಾ ಮಾಡಿದ ಹಾನಿ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಈ ಹಾನಿಯಲ್ಲಿ ದೊಡ್ಡ ಪಾಲು ನಮ್ಮ ದೇಹದ ಪ್ರತಿಕ್ರಿಯೆಯದು. ಆ ಪ್ರತಿಕ್ರಿಯೆ ಎಷ್ಟು ಜೋರಾಗಿರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವುದರಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಮೂರು ಹಾರ್ಮೋನುಗಳ ಕೈವಾಡ ಬಹಳ. ವಿದ್ಯಾರ್ಥಿಗಳೂ ರೋಗಿಗಳ ಮನೆಯವರೂ ಈ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಒತ್ತಡದ ಹಾರ್ಮೋನು ಎಂದರೆ ಯಾವುವು?

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿರುತ್ತದೆ. ಅದರ ಒಳತಿರುಳು ಅಡ್ರಿನಲಿನ್ ಸುರಿಸುತ್ತದೆ, ಹೊರಪದರ ಕಾರ್ಟಿಸಾಲ್ ತಯಾರಿಸುತ್ತದೆ. ನಾರ್‌ಅಡ್ರಿನಲಿನ್ ಹೆಚ್ಚಾಗಿ ಬರುವುದು ರಕ್ತನಾಳಗಳನ್ನು ಸುತ್ತಿಕೊಂಡ ಸಿಂಪಥೆಟಿಕ್ ನರಗಳ ತುದಿಯಿಂದ. ಅಡ್ರಿನಲಿನ್ ಸೆಕೆಂಡುಗಳಲ್ಲಿ ಕೆಲಸ ಶುರು ಮಾಡಿ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಕಾರ್ಟಿಸಾಲ್ ನಿಧಾನಿ. ಜೀವಕೋಶದ ಒಳಹೊಕ್ಕು ಜೀನ್‌ಗಳ ಮಟ್ಟದಲ್ಲಿ ಕೆಲಸ ಮಾಡುವುದರಿಂದ ಅದರ ಪರಿಣಾಮ ಕಾಣಿಸಲು ಗಂಟೆಗಳೇ ಬೇಕು. ವೇಗದ ಈ ವ್ಯತ್ಯಾಸ ಮುಂದಿನ ಹಲವು ಉತ್ತರಗಳಲ್ಲಿ ಬರುತ್ತದೆ.

ಪರೀಕ್ಷೆಯ ಭಯ, ಜಗಳ, ಅಪಘಾತ ಇವಷ್ಟೇ ಒತ್ತಡವಲ್ಲ. ರಕ್ತಸ್ರಾವ, ಸುಟ್ಟಗಾಯ, ಸೋಂಕು ಎಲ್ಲವೂ ದೇಹದ ಲೆಕ್ಕದಲ್ಲಿ ಒತ್ತಡವೇ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಇಲಿಗಳಿಗೆ ಬೇರೆ ಬೇರೆ ಬಗೆಯ ಪೆಟ್ಟು ಕೊಟ್ಟು ನೋಡಿದಾಗ, ಪೆಟ್ಟು ಯಾವುದೇ ಆಗಿರಲಿ, ಅಡ್ರಿನಲ್ ಗ್ರಂಥಿ ಹಿಗ್ಗುವುದು, ಎದೆಯೊಳಗಿನ ರೋಗನಿರೋಧಕ ಅಂಗವಾದ ಥೈಮಸ್ ಕುಗ್ಗುವುದು, ಜಠರದಲ್ಲಿ ಹುಣ್ಣಾಗುವುದು ಒಟ್ಟಿಗೇ ಕಂಡವು.

ಬ್ಯಾಕ್ಟೀರಿಯಾದ ವಿಷಗಳೆಲ್ಲ ಒಂದೇ ಬಗೆಯವೇ?

ಅಲ್ಲ. ಕೆಲವು ಬ್ಯಾಕ್ಟೀರಿಯಾ ತಯಾರಿಸಿ ಹೊರಗೆ ಬಿಡುವ ಪ್ರೋಟೀನುಗಳು. ಇವು ಎಕ್ಸೋಟಾಕ್ಸಿನ್‌ಗಳು. ಡಿಫ್ತೀರಿಯಾದ ವಿಷ ಜೀವಕೋಶದೊಳಗೆ ನುಗ್ಗಿ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಸ್ನಾಯು ಕೊಳೆಯುವ ಕಾಯಿಲೆಯಾದ ಗ್ಯಾಸ್ ಗ್ಯಾಂಗ್ರೀನ್ ತರುವ ಕ್ಲಾಸ್ಟ್ರಿಡಿಯಂನ ಆಲ್ಫಾ ವಿಷ ಜೀವಕೋಶದ ಹೊರಪೊರೆಯನ್ನೇ ಕತ್ತರಿಸುತ್ತದೆ. ಇವು ನೇರವಾಗಿ ಕೊಲ್ಲುವ ವಿಷಗಳು.

ಎಂಡೋಟಾಕ್ಸಿನ್ ಬೇರೆ ಜಾತಿಯದು. 1892ರಲ್ಲಿ ರಿಚರ್ಡ್ ಫೈಫರ್ ಬರ್ಲಿನ್‌ನಲ್ಲಿ ಕಾಲರಾ ರೋಗಾಣುವಿನ ಅಧ್ಯಯನ ಮಾಡುತ್ತಿದ್ದಾಗ, ಬಿಸಿಗೂ ಜಗ್ಗದ ಒಂದು ವಿಷ ರೋಗಾಣುವಿನ ದೇಹದ ಭಾಗವಾಗಿಯೇ ಇದೆ ಎಂದು ಕಂಡುಕೊಂಡು ಈ ಹೆಸರಿಟ್ಟರು. ಗ್ರಾಂ ನೆಗೆಟಿವ್ (ಗ್ರಾಂ ಎಂಬ ಬಣ್ಣದ ಪರೀಕ್ಷೆಯಲ್ಲಿ ನೇರಳೆ ಬಣ್ಣ ಉಳಿಸಿಕೊಳ್ಳದ) ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿರುವ ಕೊಬ್ಬು ಮತ್ತು ಸಕ್ಕರೆಯ ದೊಡ್ಡ ಅಣು ಅದು. ಇಂದಿನ ಹೆಸರು ಲಿಪೋಪಾಲಿಸ್ಯಾಕರೈಡ್. ವಿಷದ ಗುಣವಿರುವುದು ಅದರ ಕೊಬ್ಬಿನ ಭಾಗವಾದ ಲಿಪಿಡ್-ಎ ಯಲ್ಲಿ. ಹಾರ್ಮೋನುಗಳ ಪಾತ್ರ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಈ ಎಂಡೋಟಾಕ್ಸಿನ್ ಮೇಲಿನ ಪ್ರಯೋಗಗಳಲ್ಲೇ.

ಎಂಡೋಟಾಕ್ಸಿನ್ ತಾನೇ ಜೀವಕೋಶವನ್ನು ಸಾಯಿಸುತ್ತದೆಯೇ?

ಬಹುಮಟ್ಟಿಗೆ ಇಲ್ಲ, ಮತ್ತು ಈ ವಿಷಯದ ತಿರುಳು ಇದೇ. ಎಂಡೋಟಾಕ್ಸಿನ್‌ನಲ್ಲಿ ಕತ್ತರಿಸುವ ಹಲ್ಲಿಲ್ಲ, ಸುಡುವ ಆಮ್ಲವಿಲ್ಲ. ನಮ್ಮ ಬಿಳಿ ರಕ್ತಕಣಗಳ ಮೇಲಿರುವ ಟಿಎಲ್‌ಆರ್-4 ಎಂಬ ಗ್ರಾಹಕ (ಸಂಕೇತ ಹಿಡಿಯುವ ಪ್ರೋಟೀನ್) ಅದನ್ನು ಗುರುತಿಸಿದಾಗ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತದ ಸಂದೇಶಗಳು ಹೊರಡುತ್ತವೆ. ಜ್ವರ, ನಡುಕ, ರಕ್ತ ಹೆಪ್ಪುಗಟ್ಟುವಿಕೆ, ರಕ್ತದೊತ್ತಡದ ಕುಸಿತ ಎಲ್ಲವೂ ಆ ಸಂದೇಶಗಳ ಫಲ.

ಇದಕ್ಕೆ ಸಾಕ್ಷಿ ಸಿ3ಎಚ್/ಎಚ್‌ಇಜೆ ಎಂಬ ತಳಿಯ ಇಲಿ. ಬೇರೆ ಇಲಿಗಳನ್ನು ಕೊಲ್ಲುವಷ್ಟು ಎಂಡೋಟಾಕ್ಸಿನ್ ಕೊಟ್ಟರೂ ಇದು ಆರಾಮವಾಗಿ ಓಡಾಡಿಕೊಂಡಿರುತ್ತದೆ. ಕಾರಣವನ್ನು 1998ರಲ್ಲಿ ಬ್ರೂಸ್ ಬ್ಯೂಟ್ಲರ್ ಅವರ ತಂಡ ಪತ್ತೆಹಚ್ಚಿತು: ಟಿಎಲ್‌ಆರ್-4ರ ಜೀನ್‌ನಲ್ಲಿ ದೋಷ. ವಿಷವನ್ನು ಗುರುತಿಸುವ ಗ್ರಾಹಕ ಕೆಟ್ಟಿದ್ದರೆ ವಿಷ ವಿಷವೇ ಅಲ್ಲ! ಈ ಕೆಲಸಕ್ಕಾಗಿ ಬ್ಯೂಟ್ಲರ್ 2011ರ ನೊಬೆಲ್ ಹಂಚಿಕೊಂಡರು. ಆದರೆ ಇದೇ ಇಲಿಗೆ ಜೀವಂತ ಸಾಲ್ಮೊನೆಲ್ಲಾ ಕೊಟ್ಟರೆ ಅದು ಬೇರೆ ಇಲಿಗಳಿಗಿಂತ ಸುಲಭವಾಗಿ ಸಾಯುತ್ತದೆ. ಪ್ರತಿಕ್ರಿಯೆ ಅತಿಯಾದರೂ ಕೇಡು, ಇಲ್ಲದಿದ್ದರೂ ಕೇಡು. ಒತ್ತಡದ ಹಾರ್ಮೋನುಗಳು ಕೆಲಸ ಮಾಡುವುದು ಈ ಎರಡರ ನಡುವಿನ ಇಕ್ಕಟ್ಟಿನ ಜಾಗದಲ್ಲಿ.

ಅಡ್ರಿನಲಿನ್‌ಗೂ ಅಂಗಾಂಶ ಸಾಯುವುದಕ್ಕೂ ಸಂಬಂಧವಿದೆ ಎಂದು ಗೊತ್ತಾದದ್ದು ಹೇಗೆ?

1956ರಲ್ಲಿ ಅಮೆರಿಕದ ವೈದ್ಯ ವಿಜ್ಞಾನಿ ಲೂಯಿಸ್ ಥಾಮಸ್ ಮೊಲಗಳ ಮೇಲೆ ಮಾಡಿದ ಪ್ರಯೋಗಗಳಿಂದ. ಅವು ಎಷ್ಟು ಸರಳವಾಗಿದ್ದವು ಎಂದರೆ ಇಂದಿಗೂ ತರಗತಿಯಲ್ಲಿ ಹಂತ ಹಂತವಾಗಿ ವಿವರಿಸಬಹುದು.

ಆರೋಗ್ಯವಾಗಿರುವ ಮೊಲದ ಚರ್ಮದೊಳಗೆ ಸ್ವಲ್ಪ ಅಡ್ರಿನಲಿನ್ ಚುಚ್ಚಿದರೆ ಆ ಜಾಗ ಬಿಳಿಚಿಕೊಳ್ಳುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ಸಂಕುಚಿಸಿವೆ ಎಂದರ್ಥ. ಆಮೇಲೆ ಬಣ್ಣ ಮರಳುತ್ತದೆ, ಹಾನಿ ಏನೂ ಉಳಿಯುವುದಿಲ್ಲ. ಈಗ ಅದೇ ಮೊಲದ ರಕ್ತನಾಳಕ್ಕೆ ಮೊದಲು ಎಂಡೋಟಾಕ್ಸಿನ್ ಕೊಟ್ಟು, ಬಳಿಕ ಚರ್ಮಕ್ಕೆ ಅಷ್ಟೇ ಅಡ್ರಿನಲಿನ್ ಚುಚ್ಚಿ. ಚುಚ್ಚಿದ ಜಾಗದಲ್ಲಿ ರಕ್ತ ಸೋರಿ, ಚರ್ಮ ಕಡುನೀಲಿಯಾಗಿ, ಅಂಗಾಂಶ ಸತ್ತುಹೋಗುತ್ತದೆ. ರಕ್ತನಾಳಕ್ಕೆ ಕೊಡದೆ, ಸ್ವಲ್ಪ ಎಂಡೋಟಾಕ್ಸಿನ್ ಮತ್ತು ಅಡ್ರಿನಲಿನ್ ಬೆರೆಸಿ ಚರ್ಮಕ್ಕೆ ಚುಚ್ಚಿದರೂ ಫಲಿತಾಂಶ ಅದೇ. ಒಂದೊಂದೇ ಇದ್ದಾಗ ಇಲ್ಲದ ಹಾನಿ ಎರಡೂ ಸೇರಿದಾಗ ಕಂಡಿತು.

ಮುಂದಿನ ಹೆಜ್ಜೆ ಇನ್ನೂ ಮುಖ್ಯವಾದದ್ದು. ಕಾರ್ಟಿಸಾಲ್ ಬಗೆಯದೇ ಆದ ಕಾರ್ಟಿಸೋನ್ ಮೊದಲೇ ಕೊಟ್ಟಿದ್ದ ಮೊಲಗಳಲ್ಲಿ ಈ ಹಾನಿ ತಪ್ಪಿತು. ಕ್ಲೋರ್‌ಪ್ರೊಮಜೀನ್ ಕೊಟ್ಟಾಗಲೂ ತಪ್ಪಿತು. ಕ್ಲೋರ್‌ಪ್ರೊಮಜೀನ್ ಮನೋರೋಗದ ಔಷಧಿಯೆಂದೇ ಹೆಸರಾಗಿದ್ದರೂ, ಅಡ್ರಿನಲಿನ್ ರಕ್ತನಾಳವನ್ನು ಹಿಂಡುವ ಆಲ್ಫಾ ಗ್ರಾಹಕವನ್ನೂ ತಡೆಯುತ್ತದೆ. ಅಂದರೆ ಒಂದು ಒತ್ತಡದ ಹಾರ್ಮೋನು ಹಾನಿಯನ್ನು ಹೊತ್ತಿಸಿತು, ಅದೇ ಗ್ರಂಥಿಯ ಇನ್ನೊಂದು ಹಾರ್ಮೋನಿನ ಸೋದರ ಸಂಬಂಧಿ ಅದನ್ನು ತಡೆಯಿತು. ಈ ಇಡೀ ವಿಷಯದಲ್ಲಿ ನನಗೆ ಅತಿ ಸುಂದರವಾಗಿ ಕಾಣುವ ಪ್ರಯೋಗ ಇದು.

ಅದೇ ವರ್ಷ ಸ್ವೈಫಾಕ್ ಮತ್ತು ನಾಗ್ಲರ್ ಜೊತೆ ಥಾಮಸ್ ಇಲಿಯ ಹೊಟ್ಟೆಯೊಳಗಿನ ತೆಳುಪೊರೆಯ ಸೂಕ್ಷ್ಮ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ನೋಡಿದರು. ಎಂಡೋಟಾಕ್ಸಿನ್ ಸಿಕ್ಕ ನಾಳಗಳು ಅಡ್ರಿನಲಿನ್‌ಗೆ ಎಂದಿಗಿಂತ ಜೋರಾಗಿ, ಹೆಚ್ಚು ಹೊತ್ತು ಸ್ಪಂದಿಸುತ್ತಿದ್ದವು. ವಿಷದ ಪ್ರಮಾಣ ಮಾರಕ ಮಟ್ಟದ್ದಾದಾಗ ಮೊದಲು ಈ ಅತಿಸ್ಪಂದನೆ, ಆಮೇಲೆ ಸ್ಪಂದನೆಯೇ ಇಲ್ಲದಂತಾಗುವುದು. ಸೋಂಕಿನಿಂದ ರಕ್ತದೊತ್ತಡ ಕುಸಿಯುವ ಸೆಪ್ಟಿಕ್ ಆಘಾತದ ಕೊನೆಯ ಹಂತದಲ್ಲಿ ಔಷಧಿ ಎಷ್ಟು ಏರಿಸಿದರೂ ರಕ್ತದೊತ್ತಡ ಏರದಿರುವುದನ್ನು ಕಂಡವರಿಗೆ ಈ ಎರಡನೇ ಹಂತ ಚೆನ್ನಾಗಿ ಗೊತ್ತು.

ಇದಕ್ಕೂ ಶ್ವಾರ್ಟ್ಸ್‌ಮನ್ ಪ್ರತಿಕ್ರಿಯೆಗೂ ಏನು ಸಂಬಂಧ?

ಮೊಲದ ಚರ್ಮಕ್ಕೆ ಎಂಡೋಟಾಕ್ಸಿನ್ ಚುಚ್ಚಿ, ಸುಮಾರು 24 ಗಂಟೆ ಬಿಟ್ಟು ರಕ್ತನಾಳಕ್ಕೆ ಎರಡನೇ ಬಾರಿ ಕೊಟ್ಟರೆ, ಮೊದಲು ಚುಚ್ಚಿದ ಜಾಗ ಕೆಲವೇ ಗಂಟೆಗಳಲ್ಲಿ ರಕ್ತಸ್ರಾವವಾಗಿ ಕೊಳೆಯುತ್ತದೆ. ಇದನ್ನು ಗ್ರೆಗರಿ ಶ್ವಾರ್ಟ್ಸ್‌ಮನ್ 1928ರಲ್ಲಿ ವಿವರಿಸಿದರು. ಹೊರನೋಟಕ್ಕೆ ಅಡ್ರಿನಲಿನ್ ಪ್ರಯೋಗದ ಗಾಯವೂ ಹಾಗೇ. ವ್ಯತ್ಯಾಸ ಇಷ್ಟೇ: ಶ್ವಾರ್ಟ್ಸ್‌ಮನ್ ಪ್ರತಿಕ್ರಿಯೆಯಲ್ಲಿ ಚರ್ಮವನ್ನು ಅಣಿಗೊಳಿಸಲು ಒಂದು ದಿನ ಬೇಕು, ಅಡ್ರಿನಲಿನ್ ಇದ್ದರೆ ಆ ಕಾಯುವಿಕೆ ಬೇಕಿಲ್ಲ.

ರಕ್ತನಾಳ ಕಿರಿದಾದ ಮಾತ್ರಕ್ಕೆ ಅಂಗಾಂಶ ಸಾಯುತ್ತದೆಯೇ?

ಕಿರಿದಾಗುವುದೊಂದೇ ಆದರೆ ಸಾಯುವುದಿಲ್ಲ. ಚಳಿಯಲ್ಲಿ ಬೆರಳು ಬಿಳಿಚಿಕೊಂಡು ಮತ್ತೆ ಸರಿಯಾಗುವುದಿಲ್ಲವೇ? ಎಂಡೋಟಾಕ್ಸಿನ್ ಇದ್ದಾಗ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ರಕ್ತನಾಳದ ಒಳಗೋಡೆಯ ಕೋಶಗಳು ಅಂಟುಗುಣ ಪಡೆದು ಬಿಳಿಕಣಗಳನ್ನೂ ಪ್ಲೇಟ್‌ಲೆಟ್‌ಗಳನ್ನೂ ಹಿಡಿದುಕೊಳ್ಳುತ್ತವೆ. ಬಿಳಿಕಣಗಳ ಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಮೂಡಿ ಹೆಪ್ಪುಗಟ್ಟುವಿಕೆ ಶುರುವಾಗುತ್ತದೆ. ಹೆಪ್ಪನ್ನು ಕರಗಿಸುವ ವ್ಯವಸ್ಥೆ ಮಂದವಾಗುತ್ತದೆ. ಅಂಥ ನಾಳವನ್ನು ಅಡ್ರಿನಲಿನ್ ಹಿಂಡಿದರೆ ಹರಿವು ನಿಧಾನವಾಗುತ್ತದೆ, ಅಂಟಿಕೊಂಡದ್ದು ಕೊಚ್ಚಿಹೋಗುವುದಿಲ್ಲ, ಹೆಪ್ಪು ಗಟ್ಟಿಯಾಗುತ್ತದೆ. ಮೇಲಿಂದ ಅಡ್ರಿನಲಿನ್ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸುತ್ತದೆ. ಹೂಳು ತುಂಬಿದ ಕಾಲುವೆಯ ತೂಬನ್ನೂ ಇಳಿಸಿದಂತೆ. ಕೆಳಗಿನ ಅಂಗಾಂಶಕ್ಕೆ ಆಮ್ಲಜನಕ ನಿಲ್ಲುತ್ತದೆ, ಒಳಗಿಂದ ಹಾಳಾದ ನಾಳದ ಗೋಡೆ ಸೋರುತ್ತದೆ.

ಮೆನಿಂಗೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಗಂಟೆಗಳೊಳಗೆ ಮೈಮೇಲೆ ಹರಡುವ ನೇರಳೆ ಮಚ್ಚೆಗಳು ಮನುಷ್ಯರಲ್ಲಿ ಇದಕ್ಕೆ ಅತಿ ಹತ್ತಿರದ ಚಿತ್ರ.

ಎಂಡೋಟಾಕ್ಸಿನ್ ಇಲ್ಲದ ಬ್ಯಾಕ್ಟೀರಿಯಾಗಳ ಸೋಂಕಿನಲ್ಲೂ ಅಡ್ರಿನಲಿನ್ ಹೀಗೆ ಕೆಡುಕು ಮಾಡುತ್ತದೆಯೇ?

ಮಾಡಬಹುದು, ಆದರೆ ದಾರಿ ಬೇರೆ. ಗ್ಯಾಸ್ ಗ್ಯಾಂಗ್ರೀನ್‌ನ ಕ್ಲಾಸ್ಟ್ರಿಡಿಯಂ ಆಮ್ಲಜನಕವಿಲ್ಲದ ಕಡೆ ಬೆಳೆಯುವ ಜೀವಿ. 1948ರಲ್ಲಿ ಎವಾನ್ಸ್, ಮೈಲ್ಸ್ ಮತ್ತು ನಿವೆನ್ ಎಂಬ ಸಂಶೋಧಕರು, ಅಡ್ರಿನಲಿನ್ ಜೊತೆಗೆ ಚುಚ್ಚಿದರೆ ತುಂಬ ಕಡಿಮೆ ಸಂಖ್ಯೆಯ ರೋಗಾಣುಗಳೇ ಸೋಂಕು ತರಲು ಸಾಕಾಗುತ್ತವೆ ಎಂದು ಪ್ರಾಣಿಗಳಲ್ಲಿ ತೋರಿಸಿದರು. ರಕ್ತನಾಳ ಮುಚ್ಚಿದಾಗ ಆಮ್ಲಜನಕವೂ ಬರುವುದಿಲ್ಲ, ಕಾವಲಿನ ಬಿಳಿಕಣಗಳೂ ಬರುವುದಿಲ್ಲ. ರೋಗಾಣುವಿಗೆ ಇದಕ್ಕಿಂತ ಒಳ್ಳೆಯ ಮನೆ ಯಾವುದು? ಒಮ್ಮೆ ಬೇರೂರಿದ ಮೇಲೆ ಅದರ ಆಲ್ಫಾ ವಿಷ ಪ್ಲೇಟ್‌ಲೆಟ್ ಮತ್ತು ಬಿಳಿಕಣಗಳ ಗುಂಪುಗಳಿಂದ ಸುತ್ತಲಿನ ನಾಳಗಳನ್ನು ತಾನೇ ಮುಚ್ಚಿಸುತ್ತದೆ. ಗ್ಯಾಸ್ ಗ್ಯಾಂಗ್ರೀನ್‌ನ ಸತ್ತ ಸ್ನಾಯುವಿನೊಳಗೆ ಕೀವಿನ ಕಣಗಳು ಬಹಳ ಕಡಿಮೆ ಇರುವುದು ಇದೇ ಕಾರಣಕ್ಕೆ.

ಹಾಗಾದರೆ ಅಡ್ರಿನಲಿನ್ ಇಂಜೆಕ್ಷನ್ ಅಪಾಯಕಾರಿಯೇ?

ದಯವಿಟ್ಟು ಹಾಗೆ ತಿಳಿಯಬೇಡಿ. ತೀವ್ರ ಅಲರ್ಜಿಯಿಂದ ಉಸಿರು ಕಟ್ಟುವಾಗ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಜೀವ ಉಳಿಸುತ್ತದೆ. ಅದಕ್ಕೆ ಹಿಂಜರಿದರೆ ಪ್ರಾಣವೇ ಹೋಗಬಹುದು. ಮೊಲದ ಪ್ರಯೋಗವನ್ನು ಅಲ್ಲಿಗೆ ಎಳೆದು ತರುವುದು ಸರಿಯಲ್ಲ.

ಅಡ್ರಿನಲಿನ್‌ಗೆ ಇನ್ನೊಂದು ಮುಖವೂ ಇದೆ. ಅದು ಬಿಳಿಕಣಗಳ ಬೀಟಾ-2 ಗ್ರಾಹಕದ ಮೂಲಕ ಉರಿಯೂತವನ್ನು ತಗ್ಗಿಸುತ್ತದೆ: ಟಿಎನ್‌ಎಫ್ ಇಳಿಯುತ್ತದೆ, ಉರಿಯೂತ ಶಮನ ಮಾಡುವ ಇಂಟರ್‌ಲ್ಯೂಕಿನ್-10 ಏರುತ್ತದೆ. ಆರೋಗ್ಯವಂತ ಸ್ವಯಂಸೇವಕರಿಗೆ ಅತಿ ಸಣ್ಣ ಪ್ರಮಾಣದ ಎಂಡೋಟಾಕ್ಸಿನ್ ಕೊಟ್ಟು ನಡೆಸಿದ ಅಧ್ಯಯನಗಳಲ್ಲಿ, ಮುಂಚಿತವಾಗಿ ಅಡ್ರಿನಲಿನ್ ಹರಿಸಿದಾಗ ಹೀಗೇ ಆಯಿತು. ಒಂದೇ ಹಾರ್ಮೋನು ಆಲ್ಫಾ ಗ್ರಾಹಕದಲ್ಲಿ ನಾಳ ಹಿಂಡುತ್ತದೆ, ಬೀಟಾ ಗ್ರಾಹಕದಲ್ಲಿ ಉರಿ ಆರಿಸುತ್ತದೆ. ಅದನ್ನು ಒಳ್ಳೆಯದು ಕೆಟ್ಟದ್ದು ಎಂದು ವಿಂಗಡಿಸಲು ಹೊರಟರೆ ದಾರಿ ತಪ್ಪುತ್ತೇವೆ. ಎಲ್ಲಿ, ಎಷ್ಟು, ವಿಷ ಬಂದು ಎಷ್ಟು ಹೊತ್ತಿಗೆ ಎಂದು ಕೇಳಬೇಕು.

ಸೆಪ್ಸಿಸ್ ರೋಗಿಗೆ ಐಸಿಯುನಲ್ಲಿ ನಾರ್‌ಅಡ್ರಿನಲಿನ್ ಏಕೆ ಕೊಡುತ್ತಾರೆ? ಅದರಿಂದ ಬೆರಳು ಕಪ್ಪಾಗುತ್ತದೆಯಂತೆ?

ಸೋಂಕಿಗೆ ದೇಹದ ಪ್ರತಿಕ್ರಿಯೆ ಹತೋಟಿ ತಪ್ಪಿ ಅಂಗಗಳು ಕೈಕೊಡುವ ಸ್ಥಿತಿಯೇ ಸೆಪ್ಸಿಸ್. ಅದರಲ್ಲಿ ರಕ್ತನಾಳಗಳು ಸಡಿಲಗೊಂಡು ಒತ್ತಡ ಕುಸಿದಾಗ ಮೆದುಳು, ಹೃದಯ, ಮೂತ್ರಪಿಂಡಕ್ಕೆ ರಕ್ತ ತಲುಪಲೇಬೇಕು. ಸರಾಸರಿ ರಕ್ತದೊತ್ತಡವನ್ನು 65 ಮಿ.ಮೀ. ಪಾದರಸದ ಆಸುಪಾಸಿನಲ್ಲಿ ಹಿಡಿದಿಡಲು ನಾರ್‌ಅಡ್ರಿನಲಿನ್ ಮೊದಲ ಆಯ್ಕೆ. ಕೊಡದಿದ್ದರೆ ರೋಗಿ ಉಳಿಯುವುದೇ ಕಷ್ಟ.

ಕೆಲವರಲ್ಲಿ ಕೈಕಾಲುಗಳ ಬೆರಳು ಕಪ್ಪಾಗುವುದು ನಿಜ. ಮನೆಯವರು ಇದನ್ನು ನೋಡಿ ಔಷಧಿಯ ತಪ್ಪು ಎಂದು ನೊಂದುಕೊಳ್ಳುತ್ತಾರೆ. ಔಷಧಿಯ ಪಾಲು ಇರಬಹುದು, ಆದರೆ ಅದೊಂದೇ ಅಲ್ಲ: ಸೂಕ್ಷ್ಮ ನಾಳಗಳಲ್ಲಿ ಹೆಪ್ಪು, ಕುಸಿದ ಹರಿವು, ದೇಹವೇ ಸುರಿಸಿದ ಹಾರ್ಮೋನು ಎಲ್ಲ ಸೇರಿ ಹಾಗಾಗುತ್ತದೆ. ಪ್ರಾಣಕ್ಕೂ ಬೆರಳಿಗೂ ನಡುವೆ ಆರಿಸಬೇಕಾದ ಆ ಹೊತ್ತಿನಲ್ಲಿ ವೈದ್ಯರು ಪ್ರಾಣವನ್ನು ಆರಿಸುತ್ತಾರೆ. ಇದನ್ನು ಮನೆಯವರಿಗೆ ಮುಂಚೆಯೇ ಬಿಡಿಸಿ ಹೇಳಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಕಾರ್ಟಿಸಾಲ್ ಹಾನಿಯನ್ನು ತಡೆಯುತ್ತದೆ ಎಂದಿರಿ. ಅದು ಇಲ್ಲದಿದ್ದರೆ?

ಅಡ್ರಿನಲ್ ಗ್ರಂಥಿ ತೆಗೆದ ಪ್ರಾಣಿ, ಮಾಮೂಲಿ ಪ್ರಾಣಿ ಸುಲಭವಾಗಿ ತಡೆದುಕೊಳ್ಳುವಷ್ಟು ಎಂಡೋಟಾಕ್ಸಿನ್‌ಗೇ ಸಾಯುತ್ತದೆ. ಕಾರ್ಟಿಸಾಲ್ ಬಗೆಯ ಹಾರ್ಮೋನು ಕೊಟ್ಟರೆ ಉಳಿಯುತ್ತದೆ. ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನನ್ನು ಕಾರ್ಟಿಸಾಲ್ ಅಡಗಿಸುತ್ತದೆ. ವಿಷ ಬಂದ ಕೂಡಲೇ ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-1 ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ, ಮೆದುಳು ಅಡ್ರಿನಲ್ ಗ್ರಂಥಿಗೆ ಆಜ್ಞೆ ಕಳಿಸುತ್ತದೆ, ಕಾರ್ಟಿಸಾಲ್ ಏರಿ ಅದೇ ಟಿಎನ್‌ಎಫ್ ಅನ್ನು ಹತೋಟಿಗೆ ತರುತ್ತದೆ. ಉರಿಯೂತ ತನ್ನ ಕಡಿವಾಣವನ್ನು ತಾನೇ ಕರೆಸಿಕೊಳ್ಳುವ ಏರ್ಪಾಡು ಇದು.

ಈ ಏರ್ಪಾಡು ಮುರಿಯುವುದನ್ನು ಮನುಷ್ಯರಲ್ಲಿ ತೋರಿಸುವುದು ವಾಟರ್‌ಹೌಸ್–ಫ್ರೀಡೆರಿಕ್ಸನ್ ಸಿಂಡ್ರೋಮ್. ಹೆಚ್ಚಾಗಿ ಮೆನಿಂಗೋಕಾಕಸ್ ಸೋಂಕಿನಲ್ಲಿ ಎರಡೂ ಅಡ್ರಿನಲ್ ಗ್ರಂಥಿಗಳೊಳಗೆ ರಕ್ತಸ್ರಾವವಾಗುತ್ತದೆ. ರಕ್ಷಣೆಯ ಹಾರ್ಮೋನು ಅತಿ ಅಗತ್ಯವಾದ ಗಳಿಗೆಯಲ್ಲೇ ಅದರ ಕಾರ್ಖಾನೆ ಹಾಳಾಗುತ್ತದೆ.

ಹಾಗಿದ್ದರೆ ಸೋಂಕು ಬಂದವರಿಗೆಲ್ಲ ಸ್ಟೆರಾಯ್ಡ್ ಕೊಡಬಹುದಲ್ಲ?

ಕೊಡಬಾರದು. ಸ್ಟೆರಾಯ್ಡ್ (ಕಾರ್ಟಿಸಾಲ್ ಬಗೆಯ ಔಷಧಿ) ಉರಿಯೂತವನ್ನು ಮಾತ್ರವಲ್ಲ, ರೋಗಾಣುವಿನ ವಿರುದ್ಧದ ಹೋರಾಟವನ್ನೂ ತಗ್ಗಿಸುತ್ತದೆ. 1987ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ ಸೆಪ್ಸಿಸ್‌ಗೆ ಭಾರೀ ಪ್ರಮಾಣದ ಮೀಥೈಲ್‌ಪ್ರೆಡ್ನಿಸೊಲೋನ್ ಕೊಟ್ಟರೂ ಪ್ರಯೋಜನವಾಗಲಿಲ್ಲ. ಪ್ರಾಣಿಗಳಲ್ಲಿ ಸ್ಟೆರಾಯ್ಡ್ ಗೆಲ್ಲುವುದು ಬಹುತೇಕ ವಿಷಕ್ಕೆ ಮುಂಚೆ ಅಥವಾ ಅದರ ಜೊತೆಗೇ ಕೊಟ್ಟಾಗ. ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಆ ಗಳಿಗೆ ಸಾಮಾನ್ಯವಾಗಿ ದಾಟಿರುತ್ತದೆ.

ಆ ಗಳಿಗೆಯನ್ನು ಹಿಡಿಯಲು ಸಾಧ್ಯವಾದ ಕಡೆ ಫಲ ಸಿಕ್ಕಿದೆ. ಬ್ಯಾಕ್ಟೀರಿಯಾದಿಂದ ಮೆದುಳಿನ ಹೊರಪೊರೆ ಊದಿಕೊಳ್ಳುವ ಮೆನಿಂಜೈಟಿಸ್‌ನಲ್ಲಿ ಆಂಟಿಬಯಾಟಿಕ್ ಬಿದ್ದ ಕೂಡಲೇ ರೋಗಾಣುಗಳು ಒಡೆದು ಅವುಗಳ ಚೂರುಗಳು ಒಮ್ಮೆಲೇ ಹೊರಬರುತ್ತವೆ, ಮೆದುಳಿನ ಸುತ್ತ ಉರಿಯೂತ ಭುಗಿಲೇಳುತ್ತದೆ. 2002ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ 301 ವಯಸ್ಕರಲ್ಲಿ ಕೆಲವರಿಗೆ ಮೊದಲ ಆಂಟಿಬಯಾಟಿಕ್‌ಗೆ 15–20 ನಿಮಿಷ ಮುಂಚೆ ಅಥವಾ ಜೊತೆಯಲ್ಲೇ 10 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟು, 6 ಗಂಟೆಗೊಮ್ಮೆಯಂತೆ 4 ದಿನ ಮುಂದುವರಿಸಿದರು. ಸಾವು ಶೇ. 15ರಿಂದ ಶೇ. 7ಕ್ಕೆ ಇಳಿಯಿತು. ಲಾಭ ಹೆಚ್ಚು ಕಂಡದ್ದು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಮೆನಿಂಜೈಟಿಸ್ ಬಂದ ರೋಗಿಗಳಲ್ಲಿ.

ಸೆಪ್ಟಿಕ್ ಆಘಾತದಲ್ಲಿ ಈಗಿನ ರೂಢಿ ಸಾಧಾರಣ ಪ್ರಮಾಣ: ರಕ್ತದೊತ್ತಡದ ಔಷಧಿ ಬಿಡಿಸಲಾಗದವರಿಗೆ ದಿನಕ್ಕೆ 200 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್. 2018ರ ಎರಡು ದೊಡ್ಡ ಅಧ್ಯಯನಗಳ ಪೈಕಿ ಒಂದರಲ್ಲಿ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಫ್ಲೂಡ್ರೊಕಾರ್ಟಿಸೋನ್ ಎಂಬ ಮತ್ತೊಂದು ಸ್ಟೆರಾಯ್ಡ್ ಕೂಡ ಸೇರಿಸಿದ ಇನ್ನೊಂದರಲ್ಲಿ 90 ದಿನಗಳ ಸಾವು ಶೇ. 49ರಿಂದ 43ಕ್ಕೆ ಇಳಿಯಿತು. ಆಘಾತದಿಂದ ಹೊರಬರುವುದು ಬೇಗವಾಗುತ್ತದೆ ಎಂಬುದರಲ್ಲಿ ಎರಡೂ ಒಂದೇ ಮಾತು.

ನಮ್ಮ ಹಾರ್ಮೋನನ್ನು ಬ್ಯಾಕ್ಟೀರಿಯಾ ಗುರುತಿಸಬಲ್ಲವೇ?

ಗುರುತಿಸಬಲ್ಲವು, ಬಳಸಿಕೊಳ್ಳಲೂ ಬಲ್ಲವು. 1990ರ ದಶಕದ ಆರಂಭದಲ್ಲಿ ಮಾರ್ಕ್ ಲೈಟ್, ನಾರ್‌ಅಡ್ರಿನಲಿನ್ ಬೆರೆಸಿದ ಮಾಧ್ಯಮದಲ್ಲಿ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುವುದನ್ನು ತೋರಿಸಿದರು. ಒಂದು ಕಾರಣ ಕಬ್ಬಿಣ. ನಮ್ಮ ರಕ್ತ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನಲ್ಲಿ ಬಿಗಿಯಾಗಿ ಕಟ್ಟಿಡುತ್ತದೆ, ರೋಗಾಣುವಿಗೆ ಸಿಗದಿರಲಿ ಎಂದು. ನಾರ್‌ಅಡ್ರಿನಲಿನ್ ಆ ಕಟ್ಟನ್ನು ಸಡಿಲಿಸುತ್ತದೆ.

ಇನ್ನೊಂದು ಕಾರಣ ನೇರ ಸಂಕೇತ. ವನೆಸ್ಸಾ ಸ್ಪೆರಾಂಡಿಯೋ ಅವರ ತಂಡ ಕರುಳಿನ ಕಾಯಿಲೆ ತರುವ ಇ. ಕೋಲಿ ಒ157:ಎಚ್7 ಎಂಬ ಬ್ಯಾಕ್ಟೀರಿಯಾದಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಎರಡನ್ನೂ ಗ್ರಹಿಸುವ ಕ್ಯೂಎಸ್ಇಸಿ ಎಂಬ ಸಂವೇದಕವನ್ನು 2006ರಲ್ಲಿ ವಿವರಿಸಿತು. ಸಂಕೇತ ಸಿಕ್ಕಾಗ ಈಜುವ ಬಾಲ ಬೆಳೆಸುವ ಮತ್ತು ಕರುಳಿಗೆ ಅಂಟುವ ಜೀನ್‌ಗಳು ಚುರುಕಾಗುತ್ತವೆ. ಆತಿಥೇಯನ ದೇಹ ಸಂಕಟದಲ್ಲಿದೆ ಎಂಬ ಸುಳಿವನ್ನೇ ರೋಗಾಣು ದಾಳಿಯ ಮುಹೂರ್ತಕ್ಕೆ ಬಳಸಿಕೊಳ್ಳುತ್ತದೆ.

ವಿಷವೇ ಹಾರ್ಮೋನಿನ ಕೆಲಸ ಕೆಡಿಸಬಹುದೇ?

ಹೌದು. ಆಂಥ್ರಾಕ್ಸ್‌ನ ಮಾರಕ ವಿಷದ ಒಂದು ಘಟಕ ಕಾರ್ಟಿಸಾಲ್ ಗ್ರಾಹಕದ ಕೆಲಸವನ್ನು ಅದುಮುತ್ತದೆ ಎಂದು 2003ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಿದ್ದರೂ ಜೀವಕೋಶಕ್ಕೆ ಅದರ ಮಾತು ಕೇಳಿಸದಂಥ ಸ್ಥಿತಿ ಅದು. ರಕ್ತದಲ್ಲಿನ ಮಟ್ಟವನ್ನಷ್ಟೇ ಅಳೆದು ತೀರ್ಮಾನಕ್ಕೆ ಬರಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಮನಸ್ಸಿನ ಚಿಂತೆಯಿಂದಲೂ ಹೀಗೆ ಅಂಗಾಂಶ ಕೊಳೆಯುತ್ತದೆಯೇ?

ಇಲ್ಲ. ಪ್ರಯೋಗಗಳಲ್ಲಿ ಒಂದೇ ಜಾಗಕ್ಕೆ ಚುಚ್ಚುವ ಅಡ್ರಿನಲಿನ್‌ನ ಸಾಂದ್ರತೆ ದಿನನಿತ್ಯದ ಚಿಂತೆಯಲ್ಲಿ ರಕ್ತಕ್ಕೆ ಬರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದರೆ ದೀರ್ಘಕಾಲದ ಒತ್ತಡ ಗಾಯ ಮಾಯುವುದನ್ನು ನಿಧಾನಗೊಳಿಸುವುದು ನಿಜ. 1995ರ ಒಂದು ಅಧ್ಯಯನದಲ್ಲಿ, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯರಿಗೆ ಚರ್ಮದಲ್ಲಿ ಮಾಡಿದ ಸಣ್ಣ ಗಾಯ ಮಾಯಲು ಉಳಿದವರಿಗಿಂತ ಸುಮಾರು 9 ದಿನ ಹೆಚ್ಚು ಹಿಡಿಯಿತು. ಸೋಂಕಿನಿಂದ ನರಳುತ್ತಿರುವವರಿಗೆ "ಚಿಂತೆ ಮಾಡಿದ್ದಕ್ಕೇ ಹೀಗಾಯಿತು" ಎಂದು ಮಾತ್ರ ಯಾರೂ ಹೇಳಬೇಡಿ. ಅದು ಸುಳ್ಳು, ಜೊತೆಗೆ ಕ್ರೂರ ಕೂಡ.

ಬೀಟಾ ಬ್ಲಾಕರ್ ಕೊಟ್ಟು ಹಾರ್ಮೋನನ್ನು ತಡೆದರೆ?

ಬೀಟಾ ಗ್ರಾಹಕವನ್ನು ತಡೆಯುವ ಔಷಧಿಗಳೇ ಬೀಟಾ ಬ್ಲಾಕರ್. 2013ರಲ್ಲಿ ಎಸ್ಮೊಲಾಲ್ ಎಂಬ ಬೀಟಾ ಬ್ಲಾಕರ್ ಕೊಟ್ಟ ಸಣ್ಣ ಅಧ್ಯಯನ ಆಸೆ ಹುಟ್ಟಿಸಿತು. 2023ರಲ್ಲಿ ಪ್ರಕಟವಾದ ಲ್ಯಾಂಡಿಯೊಲಾಲ್ ಎಂಬ ಇನ್ನೊಂದು ಬೀಟಾ ಬ್ಲಾಕರ್‌ನ ಅಧ್ಯಯನವನ್ನು ಹಾನಿಯ ಸಂಭವ ಕಂಡು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಸದ್ಯಕ್ಕೆ ಇದು ಸೆಪ್ಸಿಸ್‌ನ ಮಾಮೂಲಿ ಚಿಕಿತ್ಸೆಯಲ್ಲ.

ಯಾವ ಲಕ್ಷಣ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು?

ಜ್ವರದ ಜೊತೆ ನೇರಳೆ ಅಥವಾ ಕೆಂಪು ಮಚ್ಚೆಗಳು ಬಂದು, ಗಾಜಿನ ಲೋಟ ಒತ್ತಿ ನೋಡಿದರೂ ಬಣ್ಣ ಮಾಸದಿದ್ದರೆ. ಗಾಯದ ನೋವು ಹೊರಗೆ ಕಾಣುವುದಕ್ಕಿಂತ ವಿಪರೀತ ಹೆಚ್ಚಿದ್ದರೆ, ಚರ್ಮ ಕಪ್ಪಾಗುತ್ತಿದ್ದರೆ, ಒತ್ತಿದಾಗ ಒಳಗೆ ಗಾಳಿಗುಳ್ಳೆ ಇದ್ದಂತೆ ಚರಚರ ಎಂದರೆ. ಜ್ವರದಲ್ಲಿ ಗೊಂದಲ, ಏದುಸಿರು, ತಣ್ಣಗಿನ ಕೈಕಾಲು, ಮೂತ್ರ ಕಡಿಮೆಯಾಗುವುದು ಕಂಡರೆ. ಇಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ.

ನಾನು ಬಹಳ ಕಾಲದಿಂದ ಸ್ಟೆರಾಯ್ಡ್ ಮಾತ್ರೆ ನುಂಗುತ್ತಿದ್ದೇನೆ. ಜ್ವರ ಬಂದರೆ ನಿಲ್ಲಿಸಬೇಕೇ?

ಥಟ್ಟನೆ ನಿಲ್ಲಿಸಲೇಬೇಡಿ. ಹೊರಗಿನಿಂದ ಸ್ಟೆರಾಯ್ಡ್ ಬರುತ್ತಿದ್ದಾಗ ನಿಮ್ಮ ಗ್ರಂಥಿ ತನ್ನ ಕೆಲಸ ಮರೆತಿರುತ್ತದೆ, ಸೋಂಕಿನ ಹೊತ್ತಿಗೆ ಏರಬೇಕಾದ ಕಾರ್ಟಿಸಾಲ್ ಏರುವುದಿಲ್ಲ. ಗ್ರಂಥಿ ತೆಗೆದ ಆ ಪ್ರಯೋಗ ಪ್ರಾಣಿಯ ಸ್ಥಿತಿಗೆ ಹತ್ತಿರದ ಸ್ಥಿತಿ ಅದು. ಕಾಯಿಲೆಯ ದಿನಗಳಲ್ಲಿ ಪ್ರಮಾಣವನ್ನು ಹೆಚ್ಚಿಸಬೇಕಾಗಿ ಬರುವುದೇ ಹೆಚ್ಚು. ಎಷ್ಟು ಹೆಚ್ಚಿಸಬೇಕು ಎಂಬುದನ್ನು ಆರೋಗ್ಯವಾಗಿರುವಾಗಲೇ ನಿಮ್ಮ ವೈದ್ಯರಿಂದ ಬರೆಸಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ ಬೇಕಾಗುತ್ತದೆ, ಮನೆಯಲ್ಲಿ ಕೂರಬೇಡಿ. ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರುವ ವಿಷಯ ಬರೆದ ಚೀಟಿ ಸದಾ ಜೇಬಿನಲ್ಲಿರಲಿ. ಪ್ರಜ್ಞೆ ತಪ್ಪಿದಾಗ ನಿಮ್ಮ ಪರವಾಗಿ ಮಾತಾಡುವುದು ಆ ಚೀಟಿಯೇ.